ವಾಕಿಂಗ್ ಹೋದರೆ ಆನೆ, ಇಲ್ಲದಿದ್ದರೆ ಮಳೆ. ಯೋಗದಿಂದ ನಿಮಗೆ ನಿಜವಾಗಿ ಏನಾದರೂ ಆಗಿದೆಯಾ?

ಸಿದ್ದಾಪುರದ ರೈಟರ್ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೂಕ ಲೆಕ್ಕ ಬರೆಯುವವನು, ಆಗಿದ್ದೇನೆ, ವಯಸ್ಸು 46. ಮೂರು ವಾರದ ಹಿಂದೆ ಸಂಜೆ ತೂಕದ ಹೊತ್ತಿಗೆ ಒಬ್ಬರು ಅಜ್ಜಿಗೆ ಕಾಫಿ ಚೀಲ ಎತ್ತಲು ಆಗುತ್ತಿರಲಿಲ್ಲ. ನಾನು ಹೋಗಿ ಕೈ ಹಾಕಿದೆ. ಸೊಂಟದಲ್ಲಿ ಟಕ್ ಅಂತು. ಅಷ್ಟೇ, ಬಗ್ಗಿದವನಿಗೆ ಮತ್ತೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಖಾಲಿ ಚೀಲ ಹಾಸಿ ಕಣದಲ್ಲೇ ಮಲಗಿಸಿದರು. ತೂಕದ ಪುಸ್ತಕ ಎದೆ ಮೇಲೆ, ಪೆನ್ನು ಕಿವಿಯಲ್ಲಿ, ಸುತ್ತ ಮೂವತ್ತು ಜನ ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಿದ್ದರು.

ಡಾಕ್ಟರ್ ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ ಅಂದರು. ಮಾತ್ರೆ ಕೊಟ್ಟರು. ನೋವು ಕಡಿಮೆ ಆದಮೇಲೆ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯಿರಿ ಅಂದರು. ಅವರಿಗೇನು, ಪೇಟೆಯಲ್ಲಿ ಇರುವವರು. ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ನಡೆದರೆ ಮುಂದೆ ಆನೆ, ಹಿಂದೆ ಆನೆ. ನಿನ್ನೆ ಕೂಡ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತು, ಮರಿ ಸಮೇತ ಐದು ಆನೆ ರಸ್ತೆ ಪಕ್ಕದಲ್ಲೇ ಇವೆ, ಯಾರೂ ಹೊರಗೆ ಬರಬೇಡಿ ಅಂತ. ಜೂನ್ ಬಂದರೆ ಮಳೆ. ಕೊಡೆ ಹಿಡಿದು ವಾಕಿಂಗ್ ಹೊರಟರೆ ಜಿಗಣೆಗಳಿಗೆ ಊಟ ಹಾಕಿದ ಹಾಗೆ.

ಮನೆಯವಳು ಯೋಗ ಮಾಡಿ ಅಂತ ಹಿಂದೆ ಬಿದ್ದಿದ್ದಾಳೆ. ನನ್ನ ಪ್ರಶ್ನೆ ಇಷ್ಟೇ. ದಿನವಿಡೀ ತೋಟದಲ್ಲಿ ಹತ್ತಿ ಇಳಿದು ಬಗ್ಗಿ ಏಳುವವರಿಗೆ ಮತ್ತೆ ಯೋಗ ಯಾಕೆ? ಅದು ಎಸಿ ರೂಮಿನಲ್ಲಿ ಕೂರುವವರಿಗೆ ಅಲ್ವಾ? ಮಾಡಿದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಯೂಟ್ಯೂಬ್ ಲಿಂಕ್ ಹಾಕಬೇಡಿ, ನಮ್ಮಲ್ಲಿ ನೆಟ್‌ವರ್ಕ್ ಬೇಕಾದರೆ ಮರ ಹತ್ತಬೇಕು.

ಕುಶಾಲನಗರ ಬೈಪಾಸ್ · ಫೆಬ್ರವರಿ 9

ಜೂನ್ 21ರ ಯೋಗ ದಿನಕ್ಕೆ ಬಿಳಿ ಟೀ ಶರ್ಟ್ ಹಾಕಿ ಫೋಟೋ ತೆಗೆಸಿಕೊಳ್ಳುವುದು, 22ಕ್ಕೆ ಮರೆಯುವುದು. ಈಗ ಯೋಗ ಅಂದರೆ ಇದೇ. ಸೊಂಟಕ್ಕೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ ಅಣ್ಣ, ಸರಿ ಹೋಗುತ್ತದೆ.

ಪೊನ್ನಂಪೇಟೆ ಟೀಚರ್ · ಫೆಬ್ರವರಿ 10

ಬೈಪಾಸ್ ಅವರೇ, ಫೋಟೋ ವಿಷಯ ಒಪ್ಪಿದೆ. ನಮ್ಮ ಶಾಲೆಯಲ್ಲೂ ಅದೇ ಕಥೆ. ಹೊರಗೆ ಮಳೆ ಸುರಿಯುತ್ತಿರುತ್ತದೆ, ಹಾಲ್‌ನಲ್ಲಿ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿ ಕೈ ಎತ್ತಿಸುತ್ತೇವೆ, ಒಬ್ಬನ ಕೈ ಇನ್ನೊಬ್ಬನ ಮೂಗಿಗೆ. ಆದರೆ ಜೂನ್ 21 ಅಂತ ವಿಶ್ವಸಂಸ್ಥೆ ತೀರ್ಮಾನ ಮಾಡಿದ್ದು 2014ರ ಡಿಸೆಂಬರ್‌ನಲ್ಲಿ, ಆಚರಣೆ ಶುರುವಾಗಿದ್ದು 2015ರಲ್ಲಿ. ಯೋಗ ಅದಕ್ಕಿಂತ ಎಷ್ಟೋ ಹಳೆಯದು. ಒಂದು ದಿನದ ಗದ್ದಲ ನೋಡಿ ಉಳಿದ 364 ದಿನ ಬಿಡುವುದು ಯಾಕೆ?

ರೈಟರ್ ಅಣ್ಣ, ನಿಮ್ಮ ಪ್ರಶ್ನೆಯನ್ನು ಎಂಟು ವರ್ಷದ ಹಿಂದೆ ನಾನೂ ಕೇಳಿದ್ದೆ. ಶಾಲೆ, ಅಡುಗೆ, ಎರಡು ಎಕರೆ ತೋಟ, ಹಸು. ಇಷ್ಟೆಲ್ಲ ಮಾಡುವವಳಿಗೆ ವ್ಯಾಯಾಮ ಬೇರೆ ಬೇಕಾ ಅಂತ. ಆಗ ಹೇಳಿಕೊಟ್ಟವರು ಒಂದು ಮಾತು ಹೇಳಿದರು: ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಸಲ ಹಿಂದಕ್ಕೆ ಬಾಗಿದ್ದೀರಿ ಲೆಕ್ಕ ಹಾಕಿ. ಹಾಕಿದೆ. ಸೊನ್ನೆ. ನೀವೂ ಹಾಕಿ ನೋಡಿ. ಕಾಫಿ ಕುಯ್ಯುವಾಗ ತೋಳು ಮುಂದೆ, ಕತ್ತು ಕೆಳಗೆ. ಕಪಾತ್ ಮಾಡುವಾಗ, ಅಂದರೆ ಗಿಡದ ರೆಂಬೆ ಕತ್ತರಿಸುವಾಗ, ಅದೇ. ಕಳೆ ತೆಗೆಯುವಾಗ ಅದೇ. ನೀವು ಪುಸ್ತಕ ಬರೆಯುವಾಗ, ಬೈಕ್ ಓಡಿಸುವಾಗ, ಮೊಬೈಲ್ ನೋಡುವಾಗ ಎಲ್ಲ ಅದೇ. ಮೈ ದುಡಿಯುತ್ತದೆ, ಸುಳ್ಳಲ್ಲ, ಆದರೆ ಒಂದೇ ಕಡೆಗೆ. ತೊಡೆಯ ಹಿಂಭಾಗ ಒಣಗಿದ ಹಗ್ಗದ ಹಾಗೆ ಬಿಗಿಯುತ್ತದೆ, ಎದೆ ಮುಚ್ಚಿಕೊಳ್ಳುತ್ತದೆ, ಭಾರವೆಲ್ಲ ಸೊಂಟದ ಕೆಳಗಿನ ನಾಲ್ಕು ಬೆರಳು ಜಾಗದ ಮೇಲೆ ಬೀಳುತ್ತದೆ. ಮತ್ತೆ ಎಲ್ಲ ಕೆಲಸವೂ ಅವಸರದಲ್ಲಿ. ಚೀಲ ಎತ್ತುವಾಗ ಉಸಿರು ಬಿಗಿ ಹಿಡಿದಿರುತ್ತೀರಿ ಅಲ್ವಾ? ಯೋಗದಲ್ಲಿ ಇದರ ಉಲ್ಟಾ. ನಿಧಾನ, ಉಸಿರಿನ ಜೊತೆ, ದಿನದಲ್ಲಿ ಮೈ ಹೋಗದೇ ಇರುವ ದಿಕ್ಕಿಗೆ.

ನಾನು ಶುರು ಮಾಡಿದ್ದು ಹತ್ತು ನಿಮಿಷ. ಮಕ್ಕಳು ಏಳುವ ಮೊದಲು, ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಒಂದು ಹಳೇ ಜಮಖಾನದ ಮೇಲೆ. ಮೊದಲು ಮಾರ್ಜಾಲಾಸನ. ಹೆಸರು ದೊಡ್ಡದು, ಕೆಲಸ ಸಣ್ಣದು. ಕೈ ಮಂಡಿ ಊರಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಹೊಟ್ಟೆ ಕೆಳಗೆ ಬಿಡುವುದು, ಉಸಿರು ಬಿಡುತ್ತಾ ಬೆನ್ನು ಮೇಲಕ್ಕೆ ಗುಂಡಗೆ ಮಾಡುವುದು. ನಿದ್ದೆಯಿಂದ ಎದ್ದ ಬೆಕ್ಕು ಮೈ ಮುರಿಯುವುದಿಲ್ಲವಾ, ಹಾಗೇ. ಎಂಟು ಸಲ. ಆಮೇಲೆ ಬೋರಲು ಮಲಗಿ ಭುಜಂಗಾಸನ, ಅದೂ ಪೂರ್ತಿ ಹೆಡೆ ಎತ್ತಿದ ಹಾವಲ್ಲ, ಮೊಣಕೈ ನೆಲದಲ್ಲೇ ಇರಬೇಕು. ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟ ಎತ್ತುವ ಸೇತುಬಂಧಾಸನ. ಕೊನೆಗೆ ಶವಾಸನ.

ಶವಾಸನದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ದಿನ ಸುಮ್ನೆ ಮಲಗುವುದಕ್ಕೂ ಆಗಲಿಲ್ಲ ನನಗೆ. ಅನ್ನಕ್ಕೆ ಇಡಬೇಕು, ಪರೀಕ್ಷೆ ಪೇಪರ್ ತಿದ್ದಬೇಕು, ಹಸುವಿಗೆ ಹಿಂಡಿ ಮುಗಿದಿದೆ ಅಂತ ತಲೆಯಲ್ಲಿ ಸಂತೆ. ದವಡೆ ಗಟ್ಟಿಯಾಗಿ ಕಚ್ಚಿಕೊಂಡಿದ್ದೇನೆ ಅನ್ನುವುದು ಆ ದಿನ ಗೊತ್ತಾಯಿತು. ಮಲಗಿದ್ದರೂ ದವಡೆ ಬಿಟ್ಟಿರಲಿಲ್ಲ. ಎಷ್ಟು ವರ್ಷದಿಂದ ಹಾಗೆ ಕಚ್ಚಿಕೊಂಡಿದ್ದೆನೋ.

ಲಾಭ ಏನು ಅಂತ ಕೇಳಿದ್ದೀರಿ. ಮೊದಲ ಎರಡು ವಾರ ಏನೂ ಇಲ್ಲ, ಮಂಡಿ ಚಿಪ್ಪು ನೋವು ಮಾತ್ರ. ತಿಂಗಳಾದಮೇಲೆ ಕೆಳಗೆ ಬಿದ್ದ ಸೀಮೆಸುಣ್ಣ ಎತ್ತುವಾಗ ಮೇಜು ಹಿಡಿಯುವುದನ್ನು ಬಿಟ್ಟಿದ್ದೆ, ಅದನ್ನು ನೋಡಿದ್ದೂ ನಾನಲ್ಲ, ಮಕ್ಕಳು. ನಿದ್ದೆ ಬೇಗ ಬರುತ್ತದೆ. ತಲೆನೋವು ವಾರಕ್ಕೆ ಮೂರು ಸಲ ಬರುತ್ತಿದ್ದದ್ದು ಈಗ ತಿಂಗಳಿಗೆ ಒಂದೋ ಎರಡೋ. ತೂಕ? ಒಂದು ಗ್ರಾಂ ಇಳಿದಿಲ್ಲ. ಥೈರಾಯ್ಡ್ ಮಾತ್ರೆ? ಈಗಲೂ ದಿನಾ ಬೆಳಿಗ್ಗೆ ನುಂಗುತ್ತೇನೆ. ಯೋಗ ಮಾಡಿ ಥೈರಾಯ್ಡ್ ಮಾತ್ರೆ ಬಿಟ್ಟೆ ಅನ್ನುವವರ ಮಾತು ನಂಬಬೇಡಿ.

ಕುಶಾಲನಗರ ಬೈಪಾಸ್ · ಫೆಬ್ರವರಿ 10

ದವಡೆ ವಿಷಯ ಓದಿ ನನ್ನದು ನೋಡಿಕೊಂಡೆ. ಕಚ್ಚಿಕೊಂಡೇ ಇತ್ತು. ಸುಮ್ನೆ ಹೇಳಿದೆ ಅಷ್ಟೇ.

ವಿರಾಜಪೇಟೆ ಫಿಸಿಯೋ · ಫೆಬ್ರವರಿ 10

ಟೀಚರ್ ಚೆನ್ನಾಗಿ ಬರೆದಿದ್ದಾರೆ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ತೋಟದವರು, ಜನವರಿಯಿಂದ ಏಪ್ರಿಲ್ ತನಕ ಸೊಂಟವೋ ಭುಜವೋ. ಕಾಫಿ ಮುಗಿಯುವ ಹೊತ್ತಿಗೆ ಮೆಣಸು, ಏಣಿ ಮೇಲೆ ನಿಂತು ಕೈ ಚಾಚಿ ಚಾಚಿ ಭುಜ ಹೋಗಿರುತ್ತದೆ. ಹಾಗಾಗಿ ಕೆಲವು ಮಾತು.

ಮೂರು ತಿಂಗಳು ದಾಟಿದ ಸೊಂಟನೋವಿಗೆ ಮೊದಲು ಮಾತ್ರೆಯಲ್ಲ, ವ್ಯಾಯಾಮ, ಯೋಗ ಇಂಥವನ್ನು ಮಾಡಿಸಿ ನೋಡಿ ಅಂತ ಅಮೆರಿಕದ ವೈದ್ಯರ ಸಂಘವೇ 2017ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದು ನಮ್ಮ ಊರಿನ ಅಭಿಮಾನದ ಮಾತಲ್ಲ. ಆದರೆ ಅದರಿಂದ ಸಿಗುವ ಗುಣ ಪವಾಡ ಅಲ್ಲ, ಬೇರೆ ಒಳ್ಳೆಯ ವ್ಯಾಯಾಮದಿಂದ ಎಷ್ಟು ಸಿಗುತ್ತದೋ ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ಯೋಗವೇ ಯಾಕೆ? ಖರ್ಚಿಲ್ಲ, ಆರಡಿ ಜಾಗ ಸಾಕು, ಮಳೆಗೆ ನಿಲ್ಲಬೇಕಿಲ್ಲ. ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯ ಅಲ್ಲ.

ರೈಟರ್, ನೀವು ಈಗಲೇ ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟುವ ಸಾಹಸ ಮಾಡಬೇಡಿ. ಡಿಸ್ಕ್ ತೊಂದರೆ ಇದ್ದರೆ ಅದೇ ಜಾಸ್ತಿ ಆಗುವುದು. ನೋವು ಸೊಂಟ ಬಿಟ್ಟು ಕಾಲಿಗೆ ಇಳಿದರೆ ನಿಲ್ಲಿಸಿ, ಯಾರಿಗಾದರೂ ತೋರಿಸಿ. ಕಾಲು ಸೋತು ಬಂದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಯೋಗವೂ ಬೇಡ ಎಣ್ಣೆಯೂ ಬೇಡ, ಅದೇ ದಿನ ಆಸ್ಪತ್ರೆಗೆ. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ.

ಇನ್ನೊಂದು. ಟಿವಿ ನೋಡಿಕೊಂಡು ರಭಸವಾಗಿ ಕಪಾಲಭಾತಿ (ಹೊಟ್ಟೆ ಒಳಗೆಳೆದು ಉಸಿರು ಹೊರಗೆ ತಳ್ಳುವುದು) ಮಾಡುವವರು ಬಹಳ ಜನ ಇದ್ದಾರೆ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಬಸುರಿ ಹೆಂಗಸರು ಅದನ್ನು ಮಾಡಬಾರದು. ಗ್ಲಾಕೋಮಾ ಇದ್ದವರು ಶೀರ್ಷಾಸನ ಮಾಡಬಾರದು, ತಲೆಕೆಳಗಾದಾಗ ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ನಿಜ ಹೇಳಬೇಕೆಂದರೆ ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರಿಗೆ ಶೀರ್ಷಾಸನದ ಅಗತ್ಯವೇ ಇಲ್ಲ. ಕತ್ತು ದೇವರು ಕೊಟ್ಟಿದ್ದು ತಲೆ ಹೊರಲು, ಇಡೀ ಮೈ ಹೊರಲು ಅಲ್ಲ.

ಕಡಂಬುಟ್ಟು · ಫೆಬ್ರವರಿ 11

ಮುಖ್ಯವಾದ ಪ್ರಶ್ನೆ ಯಾರೂ ಕೇಳಲಿಲ್ಲ. ಪಂದಿ ಕರಿ, ನಮ್ಮ ಹಂದಿ ಮಾಂಸದ ಸಾರು, ಬಿಡಬೇಕಾ? ಬಿಡಬೇಕಾದರೆ ನನಗೆ ಈ ಚರ್ಚೆ ಇಲ್ಲಿಗೇ ಮುಗಿಯಿತು.

ಪೊನ್ನಂಪೇಟೆ ಟೀಚರ್ · ಫೆಬ್ರವರಿ 11

ನಾನು ಬಿಟ್ಟಿಲ್ಲ. ಊಟ ಆಗಿ ನಾಲ್ಕು ಗಂಟೆ ಆಗಿರಬೇಕು, ಅಷ್ಟೇ. ಮದುವೆ ಮನೆ ಊಟ ಮಾಡಿ ಬಂದು ಭುಜಂಗಾಸನ ಮಾಡಿದರೆ ಏನಾಗುತ್ತದೆ ಅನ್ನುವುದು ನನಗೆ ಒಮ್ಮೆ ಗೊತ್ತಾಗಿದೆ, ಇಲ್ಲಿ ಬರೆಯುವುದಿಲ್ಲ. ಕಾಫಿ ಕೂಡ ಮುಗಿಸಿದಮೇಲೆ ಕುಡಿಯಿರಿ. ಆ ಕಾಫಿಯ ರುಚಿಯೇ ಬೇರೆ.

ನಾಪೋಕ್ಲು ಅಂಗಡಿ · ಫೆಬ್ರವರಿ 11

ನಮ್ಮ ಮನೆಯಲ್ಲಿ ಉಮ್ಮಾಗೆ ಮಂಡಿ ನೋವು. ಮಂತ್ರ ಹೇಳುವುದು ಎಲ್ಲ ನಮಗೆ ಆಗುವುದಿಲ್ಲ. ಅದಿಲ್ಲದೆ ಮಾಡಿದರೆ ಉಪಯೋಗ ಇದೆಯಾ?

ವಿರಾಜಪೇಟೆ ಫಿಸಿಯೋ · ಫೆಬ್ರವರಿ 11

ಖಂಡಿತ ಇದೆ. ಒಂದು ಎರಡು ಮೂರು ಅಂತ ಎಣಿಸಿದರೂ ಸ್ನಾಯುವಿಗೆ ಗೊತ್ತಾಗುವುದಿಲ್ಲ. ಉಮ್ಮಾ ಐದು ಹೊತ್ತು ನಮಾಜಿಗೆ ಕೂತು ಏಳುವವರಾದರೆ ಮಂಡಿಗೆ ಆಗಲೇ ಸ್ವಲ್ಪ ಅಭ್ಯಾಸ ಇದೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಮಾಡಿ ಹತ್ತು ಎಣಿಸಿ ಇಳಿಸಲಿ, ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ. ನೆಲದ ಆಸನ ಆಮೇಲೆ ನೋಡೋಣ.

ಫೌಜಿ ಅಂಕಲ್, ಅಮ್ಮತ್ತಿ · ಫೆಬ್ರವರಿ 12

28 ವರ್ಷ ಸೇನೆಯಲ್ಲಿದ್ದೆ. ಪಿ.ಟಿ. ಮಾಡಿದವನಿಗೆ ಯೋಗ ಅಂದರೆ ಹೆಂಗಸರ ಕಸರತ್ತು ಅಂತ ನಗುತ್ತಿದ್ದೆ, ಟೀಚರ್ ಕ್ಷಮಿಸಬೇಕು. ರಿಟೈರ್ ಆಗಿ ಬಂದು ಐದು ವರ್ಷಕ್ಕೆ ಓಡಲು ಮಂಡಿ ಬಿಡಲಿಲ್ಲ. ಹಾಕಿ ಆಡಿ ಆಡಿ ಮೊದಲೇ ಸವೆದಿತ್ತು.

ನನಗೆ ಯೋಗ ಕಲಿಸಿದ್ದು ಪಾಚಿ. ನಗಬೇಡಿ. ಮಳೆಗಾಲದಲ್ಲಿ ನಮ್ಮ ಅಂಗಳ ಹೇಗಿರುತ್ತದೆ ಗೊತ್ತಲ್ಲ, ಕಲ್ಲಿನ ಮೇಲೆಲ್ಲ ಹಸಿರು ಪಾಚಿ, ಎಷ್ಟು ತಿಕ್ಕಿದರೂ ವಾರಕ್ಕೆ ಮತ್ತೆ ಬರುತ್ತದೆ. ಪಕ್ಕದ ಮನೆಯ ನನ್ನ ವಯಸ್ಸಿನವರು ಅದರ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಅದನ್ನು ನೋಡಿ ಹೆದರಿ ಮಗಳ ಮಾತು ಕೇಳಿದೆ. ಒಂಟಿ ಕಾಲಲ್ಲಿ ನಿಲ್ಲಿ ಪಪ್ಪಾ ಅಂದಳು. ವೃಕ್ಷಾಸನ. ಪರೇಡಿನಲ್ಲಿ ಗಂಟೆಗಟ್ಟಲೆ ಅಲುಗದೆ ನಿಂತವನಿಗೆ ಒಂಟಿ ಕಾಲಲ್ಲಿ ನಾಲ್ಕು ಸೆಕೆಂಡ್ ನಿಲ್ಲಲು ಆಗಲಿಲ್ಲ. ನನ್ನ ಮರ್ಯಾದೆ ಹೋದ ಹಾಗಾಯಿತು. ಆ ಹಟಕ್ಕೇ ಹಿಡಿದೆ. ಗೋಡೆಗೆ ಒಂದು ಬೆರಳು ತಾಗಿಸಿ, ಎದುರು ಗೋಡೆಯ ಕ್ಯಾಲೆಂಡರಿನ ಒಂದೇ ಅಂಕಿ ನೋಡುತ್ತಾ. ಈಗ ಬಲಗಾಲು 40 ಸೆಕೆಂಡ್, ಎಡಗಾಲು 25. ಎಡ ಯಾವತ್ತೂ ಸೋಮಾರಿ.

ನಮ್ಮ ವಯಸ್ಸಿನವರಿಗೆ ಬೀಳದೇ ಇರುವುದೇ ದೊಡ್ಡ ಆರೋಗ್ಯ. ಇದು ನನ್ನ ಅಭಿಪ್ರಾಯ.

ಮೈಸೂರಿನಲ್ಲಿರುವ ಸೋಮವಾರಪೇಟೆಯವನು · ಫೆಬ್ರವರಿ 12

ಅಂಕಲ್, ಹೆಂಗಸರ ಕಸರತ್ತು ಅಂದಿದ್ದಕ್ಕೆ ಒಂದು ಮಜದ ವಿಷಯ. ಇವತ್ತು ಲೋಕವೆಲ್ಲ ಮಾಡುವ ಯೋಗದ ದೊಡ್ಡ ಪಾಲು ಹೊರಟಿದ್ದು ಇಲ್ಲೇ ಮೈಸೂರಿನಿಂದ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರಿಗೆ ಯೋಗಶಾಲೆ ಮಾಡಿಕೊಟ್ಟರು. ಅಲ್ಲಿ ಹೆಚ್ಚಾಗಿ ಕಲಿತವರು ಗಂಡು ಹುಡುಗರು. ಹಾಸನದ ಹತ್ತಿರ ಕೌಶಿಕ ಅನ್ನುವ ಊರಿನ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರೇ. ಇಂಥ ಶಿಷ್ಯರಿಂದಲೇ ಅದು ಹೊರದೇಶಗಳಿಗೆ ಹರಡಿದ್ದು. ಅಯ್ಯಂಗಾರರು ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ ಎಲ್ಲ ಬಂದು ಸೊರಗಿದ್ದ ಹುಡುಗ. ಅಂಥವರು 95 ವರ್ಷ ಬಾಳಿದರು, 2014ರಲ್ಲಿ ತೀರಿಕೊಂಡರು. ಬಗ್ಗಲು ಆಗದವರಿಗೆ ಮರದ ದಿಮ್ಮಿ, ಹಗ್ಗ, ಕುರ್ಚಿ ಕೊಟ್ಟು ಆಸನ ಮಾಡಿಸಿದ್ದು ಅವರೇ. ಅಂಕಲ್ ಗೋಡೆಗೆ ಬೆರಳು ತಾಗಿಸಿದ್ದು ಮೋಸ ಅಲ್ಲ ಅಂತ ಹೇಳಲು ಇಷ್ಟು ಬರೆದೆ.

ರೈಟರ್ ಅಣ್ಣನಿಗೆ ಇನ್ನೊಂದು. ಕೃಷ್ಣಮಾಚಾರ್ಯರು ಅರಮನೆಗೆ ಬರುವ ಮೊದಲು ಹಾಸನ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ನಿಮ್ಮ ಲೈನಿನವರೇ.

ಸಿದ್ದಾಪುರದ ರೈಟರ್ · ಫೆಬ್ರವರಿ 12

ಕಾಫಿ ತೋಟದಲ್ಲಾ! ಹಾಗಾದರೆ ಮಾಡಲೇಬೇಕು. ನಾಳೆಯಿಂದ ಬೆಕ್ಕು.

ಲೈನ್‌ಮನೆ ಹುಡುಗಿ · ಫೆಬ್ರವರಿ 14

ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನಮ್ಮ ಅಮ್ಮ ತೋಟದ ಕೆಲಸಕ್ಕೆ ಹೋಗುವವರು, ನಾನು ಡಿಗ್ರಿ ಓದುತ್ತಿದ್ದೇನೆ. ಸೊಂಟನೋವು ಅಂದರೆ ಧಣಿಗಳಿಗೆ ಯೋಗ, ಆಳುಗಳಿಗೆ ನೋವಿನ ಮಾತ್ರೆ. ಅಮ್ಮ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮಾಡಿ ಎಂಟಕ್ಕೆ ಹಾಜರಿಗೆ ನಿಲ್ಲಬೇಕು. ಸಂಜೆ ಬಂದರೆ ಸೌದೆ, ನೀರು. ಆ ಹತ್ತು ನಿಮಿಷ ಎಲ್ಲಿಂದ ತರುವುದು? ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ಆರಡಿ ಜಾಗ ಖಾಲಿ ಇರುವುದು ಎಲ್ಲರೂ ಎದ್ದು ಹೊರಗೆ ಹೋದಮೇಲೆ ಮಾತ್ರ. ಯೋಗ ಕೆಟ್ಟದ್ದು ಅಂತಲ್ಲ. ಚೀಲದ ಭಾರ ಕಡಿಮೆ ಮಾಡಿದರೆ ಅದೂ ಒಂದು ಯೋಗವೇ.

ಸಿದ್ದಾಪುರದ ರೈಟರ್ · ಫೆಬ್ರವರಿ 14

ತಂಗಿ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ಧಣಿ ಅಲ್ಲ, ಆದರೆ ತೂಕದ ಪುಸ್ತಕ ಹಿಡಿದವನು. ಚೀಲ ಅರ್ಧ ಮಾಡಿ ಎರಡು ಸಲ ತರಲು ಬಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಲಾರಿ ಬೇಗ ತುಂಬಬೇಕು ಅನ್ನುವ ಅವಸರ, ಅಷ್ಟೇ.

ಪೊನ್ನಂಪೇಟೆ ಟೀಚರ್ · ಫೆಬ್ರವರಿ 15

ಸರಿಯಾಗಿ ಹೇಳಿದೆ ಮಗಳೇ. ನನ್ನ ಹತ್ತು ನಿಮಿಷ ನನಗೆ ಸಿಗುವುದು ನಮ್ಮ ಮನೆಗೆ ನಲ್ಲಿ ನೀರು ಬರುವುದರಿಂದ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಮಕ್ಕಂದೂರು ಕಡೆಯವಳು · ಜೂನ್ 17

ಹಳೆಯ ಚರ್ಚೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ಸೊಂಟದ ವಿಷಯ ಅಲ್ಲ. ಮನಸ್ಸಿಗೆ ಯೋಗ ಒಳ್ಳೆಯದು ಅನ್ನುತ್ತಾರಲ್ಲ, ಅದು ನಿಜವಾ?

2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಕುಸಿಯಿತು. ಜನಕ್ಕೆ ಏನೂ ಆಗಲಿಲ್ಲ, ಮನೆ ಉಳಿಯಿತು, ಕೊಟ್ಟಿಗೆ ಹೋಯಿತು. ಎಲ್ಲರೂ ನಿಮ್ಮ ಅದೃಷ್ಟ ಅಂದರು. ಹೌದು, ನಮಗಿಂತ ಕಷ್ಟ ಪಟ್ಟವರು ಎಷ್ಟೋ ಜನ. ಆದರೆ ಅವತ್ತಿನಿಂದ ರಾತ್ರಿ ಜೋರು ಮಳೆ ಹಿಡಿದರೆ ನನಗೆ ನಿದ್ದೆ ಇಲ್ಲ. ಎದೆ ಡವಡವ, ಕಿವಿ ಪೂರ್ತಿ ಗುಡ್ಡದ ಕಡೆಗೆ. ಹೆಂಚಿನ ಮೇಲೆ ನೀರು ಬೀಳುವ ಶಬ್ದ ಸ್ವಲ್ಪ ಬದಲಾದರೂ ಎದ್ದು ಕೂರುತ್ತೇನೆ. ಮಳೆ ಅಂದರೆ ನಮಗೆ ತಾಯಿ ಇದ್ದ ಹಾಗೆ, ಚಿಕ್ಕಂದಿನಲ್ಲಿ ಆ ಶಬ್ದಕ್ಕೇ ನಿದ್ದೆ ಬರುತ್ತಿತ್ತು. ಮೊನ್ನೆ ಮಗ ಕೇಳಿದ, ಅಮ್ಮ ನೀನು ಯಾಕೆ ಬಟ್ಟೆ ಬ್ಯಾಗಿಗೆ ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡು ಮಲಗುತ್ತೀಯ ಅಂತ.

ವಿರಾಜಪೇಟೆ ಫಿಸಿಯೋ · ಜೂನ್ 17

ಅಕ್ಕ, ಬರೆದಿದ್ದು ಒಳ್ಳೆಯದಾಯಿತು. ಮೊದಲು ಒಂದು ಮಾತು. ನೀವು ಹೇಳಿದ್ದು ಹೆದರುಪುಕ್ಕಲತನ ಅಲ್ಲ. ಅಂಥದ್ದನ್ನು ಕಣ್ಣಾರೆ ಕಂಡ ಮೇಲೆ ಮೈ ಹಾಗೆ ಕಾವಲು ಕಾಯುತ್ತದೆ. ಇಷ್ಟು ವರ್ಷವಾದರೂ ಬಿಡದಿದ್ದರೆ ಮನೋವೈದ್ಯರ ಹತ್ತಿರ ಮಾತಾಡಬೇಕು, ಅದಕ್ಕೆ ಚಿಕಿತ್ಸೆ ಇದೆ. ದೂರ ಹೋಗಲು ಆಗದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಯೋಗ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಪೊನ್ನಂಪೇಟೆ ಟೀಚರ್ · ಜೂನ್ 18

ತಂಗಿ, ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಆ ಬ್ಯಾಗ್ ತೆಗೆದಿಡು ಅಂತ ನಾನು ಹೇಳುವುದಿಲ್ಲ. ಅದು ಅಲ್ಲಿದ್ದರೆ ನಿನಗೆ ಧೈರ್ಯ ಅಂದರೆ ಇರಲಿ.

ಉಸಿರಿನ ವಿಷಯ ಹೇಳುತ್ತೇನೆ. ಹೆದರಿದಾಗ ಎದೆಬಡಿತ ಕಡಿಮೆಯಾಗು ಅಂದರೆ ಅದು ಕೇಳುವುದಿಲ್ಲ. ಉಸಿರು ಕೇಳುತ್ತದೆ. ಉಸಿರು ಎಳೆದುಕೊಳ್ಳುವಾಗ ಹೃದಯ ಸ್ವಲ್ಪ ಜೋರು ಹೊಡೆಯುತ್ತದೆ, ಬಿಡುವಾಗ ನಿಧಾನ ಆಗುತ್ತದೆ, ಇದು ಎಲ್ಲರ ಮೈಯಲ್ಲೂ ಇರುವುದೇ. ಅದಕ್ಕೆ ಬಿಡುವ ಉಸಿರನ್ನು ಉದ್ದ ಮಾಡುವುದು. ನಾಲ್ಕು ಎಣಿಸುತ್ತಾ ತೆಗೆದುಕೋ, ಆರು ಎಣಿಸುತ್ತಾ ಬಿಡು. ಮೂಗಿನಿಂದಲೇ. ನಡುವೆ ಹಿಡಿದಿಡುವುದು ಬೇಡ, ಹೆದರಿದವರಿಗೆ ಉಸಿರು ಹಿಡಿದರೆ ಹೆದರಿಕೆ ಜಾಸ್ತಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಹತ್ತು ನಿಮಿಷ.

ಈ ಆರರ ಲೆಕ್ಕದ ಬಗ್ಗೆ ಒಂದು ಚಂದದ ವಿಷಯ ಇದೆ. 2001ರಲ್ಲಿ ಇಟಲಿಯ ವೈದ್ಯರು 23 ಜನರ ಮೇಲೆ ನೋಡಿದರು. ಒಮ್ಮೆ ಲ್ಯಾಟಿನ್ ಭಾಷೆಯಲ್ಲಿ ಕ್ರೈಸ್ತರ ಜಪಸರದ ಪ್ರಾರ್ಥನೆ ಹೇಳಿಸಿದರು, ಒಮ್ಮೆ ಓಂ ಮಣಿ ಪದ್ಮೆ ಮಂತ್ರ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಬೈಲಕುಪ್ಪೆಯಲ್ಲಿ ಮಣಿ ಎಣಿಸುತ್ತಾ ನಡೆಯುವ ಟಿಬೆಟಿನ ಅಜ್ಜಿಯಂದಿರನ್ನು ನೋಡಿದ್ದೀಯಲ್ಲ, ವಿರಾಜಪೇಟೆ ಚರ್ಚಿನಲ್ಲಿ ಜಪಸರ ಹಿಡಿದು ಕೂರುವವರನ್ನೂ ನೋಡಿರಬಹುದು. ಅವರು ಯಾರೂ ಸೆಕೆಂಡ್ ಎಣಿಸಿದವರಲ್ಲ.

ಒಂದು ಗುಟ್ಟು ಇದೆ. ಇದನ್ನು ಮಳೆ ಬಂದ ರಾತ್ರಿ ಮೊದಲ ಸಲ ಮಾಡಬೇಡ. ಆಗ ಬರುವುದಿಲ್ಲ. ಬಿಸಿಲಿದ್ದಾಗ, ಏನೂ ಇಲ್ಲದ ಮಧ್ಯಾಹ್ನ, ದಿನಾ ಮಾಡಿ ಮೈಗೆ ರೂಢಿ ಮಾಡಿಸಬೇಕು. ಈಜು ಕಲಿಯುವುದು ಹೊಳೆ ತುಂಬಿದಾಗ ಅಲ್ಲ ಅಲ್ವಾ.

ಕುಶಾಲನಗರ ಬೈಪಾಸ್ · ಜೂನ್ 18

ಟೀಚರ್, ಜೂನ್‌ನಲ್ಲಿ ಬಿಸಿಲಿದ್ದ ಮಧ್ಯಾಹ್ನ ಎಲ್ಲಿ ಸಿಗುತ್ತದೆ ಅವಳಿಗೆ?

ಪೊನ್ನಂಪೇಟೆ ಟೀಚರ್ · ಜೂನ್ 18

ಅದೂ ಹೌದು. ತುಂತುರು ಇದ್ದಾಗ ಅಂತ ಓದಿಕೊಳ್ಳಿ.

ಭಾಗಮಂಡಲ ಮಾರಾಯ · ಜೂನ್ 19

ಮಾರಾಯ್ರೇ, ಎಲ್ಲರೂ ಆಸನ ಆಸನ ಅನ್ನುತ್ತೀರಿ. ಪತಂಜಲಿ ಯೋಗಸೂತ್ರದಲ್ಲಿ ಆಸನಕ್ಕೆ ಮೀಸಲಿಟ್ಟದ್ದು ಮೂರೇ ಸೂತ್ರ. ಅದರಲ್ಲಿ ಒಂದು, ಸ್ಥಿರಸುಖಮಾಸನಂ. ಅಲುಗದೆ, ಸುಖವಾಗಿ ಕೂತರೆ ಅದೇ ಆಸನ. ಸುಖ ಅನ್ನುವ ಪದ ಯಾರಿಗೂ ಕಾಣುವುದೇ ಇಲ್ಲ, ಹಲ್ಲು ಕಚ್ಚಿ ಮಾಡುತ್ತಾರೆ. ಯೋಗ ಅಂದರೇನು ಅಂತ ಹೇಳುವ ಸೂತ್ರ ಬೆನ್ನು ಬಗ್ಗಿಸುವ ಮಾತೇ ಆಡುವುದಿಲ್ಲ, ಚಿತ್ತದ ಅಲೆ ನಿಲ್ಲಿಸುವುದು ಅನ್ನುತ್ತದೆ. ಮಕ್ಕಂದೂರಿನ ಅಕ್ಕನ ಪ್ರಶ್ನೆಯೇ ಯೋಗದ ಅಸಲಿ ಪ್ರಶ್ನೆ, ರೈಟರ್ ಸೊಂಟ ಆಮೇಲೆ.

ಮಕ್ಕಂದೂರು ಕಡೆಯವಳು · ಜುಲೈ 8

ಹೇಳಿ ಹೋಗೋಣ ಅಂತ ಬಂದೆ. 14416ಕ್ಕೆ ಮಾಡಿದೆ. ಮೊದಲ ಸಲ ಅತ್ತು ಇಟ್ಟುಬಿಟ್ಟೆ, ಎರಡನೇ ಸಲ ಮಾತಾಡಿದೆ. ಇಲ್ಲೇ ಡಾಕ್ಟರನ್ನು ನೋಡುತ್ತಿದ್ದೇನೆ. ಉಸಿರು ದಿನಾ ಎಣಿಸುತ್ತೇನೆ, ಮಗನೂ ಪಕ್ಕದಲ್ಲಿ ಮಲಗಿ ಎಣಿಸುತ್ತಾನೆ, ಅವನು ಮೂರನೇ ಉಸಿರಿಗೇ ನಿದ್ದೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಜೋರು ಮಳೆ ಬಂತು. ಎಚ್ಚರ ಆಯಿತು. ಎದ್ದು ಕೂತೆ. ಎಣಿಸಿದೆ. ನಿದ್ದೆ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಕಿಟಕಿ ಹತ್ತಿರ ಹೋಗಿ ಟಾರ್ಚ್ ಹಾಕಿ ನೋಡಲಿಲ್ಲ. ಬ್ಯಾಗ್ ಇನ್ನೂ ಬಾಗಿಲ ಹತ್ತಿರವೇ ಇದೆ.

ಫೌಜಿ ಅಂಕಲ್, ಅಮ್ಮತ್ತಿ · ಜುಲೈ 8

ಶಾಬಾಶ್ ಮಗಳೇ. ಬ್ಯಾಗ್ ಇರಲಿ. ನಾವೂ ಸೇನೆಯಲ್ಲಿ ಹಾಗೇ ಮಲಗುತ್ತಿದ್ದದ್ದು.

ಸಿದ್ದಾಪುರದ ರೈಟರ್ · ಜುಲೈ 10

ನನ್ನದೂ ವರದಿ ಕೊಡುತ್ತೇನೆ. ಐದು ತಿಂಗಳಾಯಿತು. ನಡುವೆ ಕಾಫಿ ಹೂ ಬಿಡಿಸುವ ಹೂಮಳೆ ಬಂದು ಕೆಲಸ ಜಾಸ್ತಿಯಾಗಿ ಮೂರು ವಾರ ಬಿಟ್ಟೆ, ಸೊಂಟ ಸರಿಯಾಗಿ ನೆನಪು ಮಾಡಿಕೊಟ್ಟಿತು. ಮತ್ತೆ ಹಿಡಿದೆ. ಈಗ ಹದಿನೈದು ನಿಮಿಷ. ನೋವು ಪೂರ್ತಿ ಹೋಗಿಲ್ಲ, ಬೈಕಿನಲ್ಲಿ ಗುಂಡಿ ಹಾರಿದರೆ ಗೊತ್ತಾಗುತ್ತದೆ, ನಮ್ಮ ರಸ್ತೆಯಲ್ಲಿ ಗುಂಡಿ ಬಿಟ್ಟರೆ ಬೇರೆ ಏನಿದೆ. ಆದರೆ ನೋವಿನ ಮಾತ್ರೆ ಮಾರ್ಚ್ ಕೊನೆಗೆ ನಿಲ್ಲಿಸಿದ್ದು ಮತ್ತೆ ತೆಗೆದುಕೊಂಡಿಲ್ಲ. ಸಿಟ್ಟು ಕಡಿಮೆ ಆಗಿದೆ ಅಂತ ಮನೆಯವಳು ಹೇಳುತ್ತಾಳೆ. ನನಗೆ ಹಾಗೆ ಅನ್ನಿಸಿಲ್ಲ. ಯಾರ ಮಾತು ನಂಬಬೇಕೋ ನೀವೇ ತೀರ್ಮಾನ ಮಾಡಿ.

ಲೈನ್‌ಮನೆ ತಂಗಿಗೆ ಒಂದು ಸುದ್ದಿ. ತೂಕದ ಹೊತ್ತಿಗೆ ಕಾಯುತ್ತಾ ನಿಂತಿದ್ದಾಗ ಹೆಂಗಸರಿಗೆ ಸೊಂಟದ ಮೇಲೆ ಕೈ ಇಟ್ಟು ಹಿಂದಕ್ಕೆ ಬಾಗುವುದನ್ನು ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಅವತ್ತು ಚೀಲ ಎತ್ತಲಾಗದ ಅಜ್ಜಿಯೇ ನನ್ನನ್ನು ಕರೆದು, ರೈಟ್ರೇ ಹೀಗೆ ಕೂತು ತೋರಿಸಿ ಅಂತ ಕುಕ್ಕುರುಗಾಲಲ್ಲಿ ಕೂತರು. ಹಿಮ್ಮಡಿ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ, ಎಲೆ ಅಡಿಕೆ ಹಾಕಿಕೊಂಡು, ಹದಿನೈದು ನಿಮಿಷ. ನಾನು ಕೂರಲು ಹೋಗಿ ಹಿಂದಕ್ಕೆ ಉರುಳಿದೆ. ಅದಕ್ಕೆ ಮಾಲಾಸನ ಅನ್ನುತ್ತಾರಂತೆ, ಪೇಟೆಯಲ್ಲಿ ದುಡ್ಡು ಕೊಟ್ಟು ಕಲಿಯುತ್ತಾರಂತೆ ಅಂದೆ. ನಮಗೆ ಯಾರೂ ಕೊಡಲಿಲ್ಲವಲ್ಲ ಅಂದರು. ಮುಂದಿನ ಕುಯ್ಲಿಗೆ ಚೀಲ ಅರ್ಧ ತುಂಬಲು ಹೇಳಿದ್ದೇನೆ.

ಈಗ ನನ್ನ ತೊಂದರೆ ಬೇರೆ. ಮಗ ಬೆಂಗಳೂರಿನಿಂದ 900 ರೂಪಾಯಿ ಕೊಟ್ಟು ಮ್ಯಾಟ್ ತಂದಿದ್ದ. ಈ ಮಳೆಗೆ ಅದರ ಮೇಲೆ ಬೂಷ್ಟು ಬಂದಿದೆ, ಶವಾಸನದಲ್ಲಿ ಮಲಗಿದರೆ ಹಳೇ ಚಪ್ಪಲಿ ಪೆಟ್ಟಿಗೆಯಲ್ಲಿ ಮಲಗಿದ ಹಾಗೆ. ಏನು ಮಾಡುವುದು?

ಕಡಂಬುಟ್ಟು · ಜುಲೈ 10

ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕಿ, ಬಟ್ಟೆ ಒಣಗುವಲ್ಲಿ.

ಸಿದ್ದಾಪುರದ ರೈಟರ್ · ಜುಲೈ 11

ಹಾಕಿದೆ. ಒಂದು ತುದಿ ಕರಗಿ ಅಂಟಿಕೊಂಡಿತು. ಮನೆಯೆಲ್ಲ ಟೈರ್ ಸುಟ್ಟ ವಾಸನೆ. ಸಿಟ್ಟು ಕಡಿಮೆ ಆಗಿದೆ ಅಂದಿದ್ದವಳು ಈಗ ತಾನೇ ಸಿಟ್ಟಾಗಿದ್ದಾಳೆ.

ಪೊನ್ನಂಪೇಟೆ ಟೀಚರ್ · ಜುಲೈ 11

ಜಮಖಾನ ಅಂತ ಫೆಬ್ರವರಿಯಲ್ಲೇ ಬರೆದಿದ್ದೆ ಅಣ್ಣ.